ಊರಲ್ಲಿ ಉಳಿಯಬೇಕಾಗಿದ್ದ ನಾಲ್ವರು

ಚಟ್ಟದ ಹಿಂಬದಿಗೆ ಹೆಗಲು ಕೊಟ್ಟಿದ್ದ ಚಂಖೆ ಮತ್ತೆ ಎಡವಿದ. ಚಟ್ಟ ಕಣಿವೆಯ ಕಡೆಗೆ ವಾಲಿತು. ಮುಂದುಗಡೆ ಇದ್ದ ಸುರ್ಜೆ ಹಲ್ಲು ಕಚ್ಚಿ ಭಾರವನ್ನು ತನ್ನ ಕಡೆಗೆ ಎಳೆದುಕೊಂಡ. ಹಳದಿ ಬಟ್ಟೆಯೊಳಗೆ ಅಪ್ಪನ ತಲೆ ಅತ್ತಿತ್ತ ಆಡಿದ್ದು ಅವನ ಕಿವಿಯ ಪಕ್ಕದಲ್ಲೇ ಗೊತ್ತಾಯಿತು.

"ನೋಡ್ಕೊಂಡು ನಡಿಯೋ ಮಾರಾಯ," ಎಂದು ಮನ್‌ಸಿಂಗ್ ಕಾಕಾ ಹಿಂದಿನಿಂದ ಗದರಿದ. ಸತ್ತ ಐತೆ ರೋಕಾಯನ ತಮ್ಮ ಅವನು. "ನಮ್ಮಣ್ಣ ಇದೇ ದಾರೀಲಿ ಎಷ್ಟೊಂದು ಜನಾನ ಹೊತ್ತ. ಒಬ್ಬರನ್ನೂ ಬೀಳಿಸ್ಲಿಲ್ಲ. ಈಗ ಅವನನ್ನೇ ಬೀಳಿಸ್ತೀಯಲ್ಲೋ!"

"ನಾನೆಲ್ಲಿ ಬೀಳಿಸ್ತಿದೀನಿ ಕಾಕಾ? ಅವನೇ ಒದೀತಿದಾನೆ. ಹೆಗಲು ಬದಲಾಯಿಸೋದು ತಡ ಆದ್ರೆ ಹಿಂದಿನಿಂದ ಮೊಣಕಾಲಲ್ಲಿ ತಿವೀತಿದ್ನಲ್ಲ, ಸತ್ರೂ ಆ ಬುದ್ಧಿ ಬಿಟ್ಟಿಲ್ಲ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಎಲ್ಲರಿಗಿಂತ ಮುಂದೆ ಶಂಖ ಹಿಡಿದು ನಡೆಯುತ್ತಿದ್ದ ಧಾಮಿ ಹಿಂತಿರುಗಿ ದುರುಗುಟ್ಟಿ ನೋಡಿದ. ಊರ ದೇವರು ಮೈಮೇಲೆ ಬರುವುದು ಈ ಧಾಮಿಗೆ. ಮೈಲಿಗೆ ಮಡಿಯ ವಿಷಯದಲ್ಲಿ ಖಾಲ್ನಾ ಊರಲ್ಲಿ ಅವನ ಮಾತಿಗೆ ಎದುರಾಡಿದವರಿಲ್ಲ. ನಗು ನಿಂತಿತು. ಕೆಳಗೆ, ಬಹಳ ಕೆಳಗೆ, ಕರ್ಣಾಲಿ ನದಿಯ ಸದ್ದು ಮಾತ್ರ ಉಳಿಯಿತು.

ಸುರ್ಜೆಗೆ ಆ ನಗುವಿನಿಂದ ಬೇಸರವೇನೂ ಆಗಲಿಲ್ಲ. ಅವನು ಕತ್ತು ಹೊರಳಿಸಿ ಹಿಂದೆ ನೋಡಿದ. ಬೆಟ್ಟದ ತಿರುವಿನವರೆಗೂ ಜನ. ಊರಿನ ಪ್ರಾಯದ ಗಂಡಸರಲ್ಲಿ ಮುಕ್ಕಾಲು ಪಾಲು ಗಡಿಯಾಚೆ ಇಂಡಿಯಾದಲ್ಲಿ ಕೂಲಿಗೆ ಹೋಗಿದ್ದಾರೆ. ಉಳಿದವರಲ್ಲಿ ಒಬ್ಬನೂ ಮನೆಯಲ್ಲಿ ಕೂತಿರಲಿಲ್ಲ. ಮೇಲಿನ ಕೇರಿಯವರು, ಕೆಳಗಿನ ಕೇರಿಯವರು, ಕೋಲೂರಿ ನಡೆಯುವ ಮುದುಕರು, ಎಲ್ಲರೂ ಬಂದಿದ್ದರು. ಅಪ್ಪನನ್ನು ಕಳಿಸಿಕೊಡಲು ಊರಿಗೆ ಊರೇ ಇಳಿದಿತ್ತು. ದುಃಖದ ನಡುವೆಯೂ ಸುರ್ಜೆಯ ಎದೆ ಉಬ್ಬಿತು.

ಬೆಳಿಗ್ಗೆ ಅಂಗಳದಲ್ಲಿ ಒಂದು ಸಣ್ಣ ಮಾತು ಎದ್ದಿತ್ತು. ಆ ವಾರ ಊರಲ್ಲಿ ಉಳಿಯಬೇಕಾಗಿದ್ದ ನಾಲ್ವರು ಬೇಲಿಯ ಹತ್ತಿರವೇ ನಿಂತುಬಿಟ್ಟಿದ್ದರು. ಚಂಖೆ ಅವರಲ್ಲೊಬ್ಬ. "ಸುರ್ಜೆ, ನಾವು ಇಲ್ಲೇ ಇರಬೇಕಲ್ಲ? ನಿಮ್ಮಪ್ಪನದೇ ಕಟ್ಟಲೆ," ಎಂದು ಅವನು ಕೇಳಿದ್ದ. ಅವನ ಕಣ್ಣುಗಳು ಅತ್ತು ಊದಿಕೊಂಡಿದ್ದವು.

"ಇವತ್ತೂ ಬೇಕಾ ಅದು?" ಎಂದಿದ್ದ ಸುರ್ಜೆ. "ಒಂದು ದಿನಾನಾದ್ರೂ ನಮ್ಮಪ್ಪನಿಗೆ ಅಂತ ಎಲ್ಲರೂ ಬನ್ನಿ."

ಯಾರೂ ಬೇಡ ಅನ್ನಲಿಲ್ಲ. ಆ ನಾಲ್ವರಂತೂ ಬಿಡುಗಡೆ ಸಿಕ್ಕಿದವರ ಹಾಗೆ ಒಳಗೆ ನುಗ್ಗಿ ಚಟ್ಟಕ್ಕೆ ಕೈಹಾಕಿದರು.

* * *

ಐತೆ ರೋಕಾಯ ದೊಡ್ಡ ಮನುಷ್ಯನೇನಲ್ಲ. ಪ್ರಾಯದಲ್ಲಿ ಕುರಿಗಳ ಬೆನ್ನ ಮೇಲೆ ಉಪ್ಪು ಹೇರಿಕೊಂಡು ಬೆಟ್ಟ ದಾಟುತ್ತಿದ್ದ; ಆ ವ್ಯಾಪಾರ ನಿಂತ ಮೇಲೆ ಎರಡು ತುಂಡು ಹೊಲದಲ್ಲಿ ಬಾರ್ಲಿ ಬೆಳೆದುಕೊಂಡಿದ್ದ. ಗೊರಕೆ ಹೊಡೆದರೆ ಪಕ್ಕದ ಮನೆಯ ನಾಯಿ ಬೊಗಳುತ್ತಿತ್ತು. ಸಾಲದ್ದಕ್ಕೆ ಹರಕು ಬಾಯಿ.

ಸೇತುವೆಯ ಆಚೆ, ಎದುರು ಬೆಟ್ಟದ ಮೇಲೆ, ಸರ್ಕಾರದ ಆರೋಗ್ಯ ಕೇಂದ್ರವಿತ್ತು. ಅಲ್ಲಿ ಹೆರಿಗೆ ಪುಕ್ಕಟೆ, ಮದ್ದು ಪುಕ್ಕಟೆ, ಸಿಸ್ಟರಮ್ಮನ ಬೈಗುಳವೂ ಪುಕ್ಕಟೆ. ಪುಕ್ಕಟೆಯಲ್ಲದ್ದು ಅಲ್ಲಿಗೆ ಹೋಗುವುದೊಂದೇ. ನಡೆಯಲಾಗದವರನ್ನು ಹೊತ್ತೊಯ್ಯಲು ಕೂಲಿಯವರು ಕೇಳಿದ್ದಷ್ಟು ಕೊಡಬೇಕಿತ್ತು. ಸಿಸ್ಟರಮ್ಮನ ಮುಖ ನೋಡುವ ಮೊದಲೇ ಮನೆಯ ಎತ್ತು ಮಾರಿಹೋಗಿರುತ್ತಿತ್ತು. ಎತ್ತಿಲ್ಲದವರು ಮನೆಯಲ್ಲೇ ಸಾಯುತ್ತಿದ್ದರು.

ಐತೆ ಎರಡು ಗಟ್ಟಿ ಗಳುಗಳ ನಡುವೆ ಹಗ್ಗ ಹೆಣೆದು ಒಂದು ಡೋಲಿ ಮಾಡಿದ. ಕೂಗು ಬಂದರೆ ಮನೆಗೊಬ್ಬ ಬಂದು ಹೊರಬೇಕು, ಕೂಲಿ ಕೇಳಕೂಡದು, ರೋಗಿಯ ಮನೆಯವರು ದಾರಿಗೆ ರೊಟ್ಟಿ ಕೊಟ್ಟರೆ ಸಾಕು ಎಂದು ಮನೆಮನೆಗೆ ಹೋಗಿ ಒಪ್ಪಿಸಿದ. ಒಪ್ಪದವರ ಬಾಗಿಲಲ್ಲಿ ಕೂತು ಬೈದ. ಕೊನೆಗೆ ಅವನ ಬಾಯಿಗೆ ಹೆದರಿಯೇ ಊರು ಒಪ್ಪಿತು.

ಹೊರುವಾಗಲೂ ಅವನದು ಅದೇ ಬಾಯಿ. ರೋಗಿಗೆ ಎಚ್ಚರ ತಪ್ಪಬಾರದೆಂದು ದಾರಿಯುದ್ದಕ್ಕೂ ಜಗಳ ತೆಗೆಯುತ್ತಿದ್ದ. "ನಿಮ್ಮಪ್ಪ ನನ್ನ ಕುರಿ ಕದ್ದಿದ್ದ, ಗೊತ್ತೇನೋ?" ಎಂದರೆ ಸಾಯುವವನೂ ಕಣ್ಣು ಬಿಟ್ಟು, "ಕದ್ದಿರೋದು ನೀನು," ಎನ್ನುತ್ತಿದ್ದ. ಹಾಗೆ ಬೈಸಿಕೊಂಡು ಬದುಕಿದವರು ಆ ಹೊತ್ತು ಹೆಣದ ಹಿಂದೆ ಸಾಕಷ್ಟು ಮಂದಿ ನಡೆಯುತ್ತಿದ್ದರು.

* * *

ಬಂಡೆದಾರಿ ಶುರುವಾಯಿತು. ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಏನೂ ಇಲ್ಲ. ಚಟ್ಟ ಹೊತ್ತವರು ಪಕ್ಕಪಕ್ಕ ನಡೆದರೆ ದಾರಿ ತುಂಬಿಹೋಗುತ್ತಿತ್ತು. ಇಲ್ಲಿ ಚಂಖೆ ಕೂಡ ಬಾಯಿ ಮುಚ್ಚಿಕೊಂಡ.

ಆಗ ಮೇಲಿನಿಂದ ಕೂಗು ಕೇಳಿಸಿತು. ಹೆಂಗಸಿನ ದನಿ.

"ಮನೆಯಲ್ಲಿ ಅಳ್ತಿದಾರೆ," ಎಂದರು ಯಾರೋ.

"ಅಳೋದಲ್ಲ ಅದು. ನಿಲ್ಲಿ ಅಂತಿದಾರೆ," ಎಂದ ಮನ್‌ಸಿಂಗ್ ಕಾಕಾ.

ಹಿಂದಿನಿಂದ ಗದ್ದಲವಾಯಿತು. ಮುದುಕರು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಅವರ ನಡುವಿನಿಂದ ಮೊದಲು ಕಂಡದ್ದು ಅಪ್ಪನ ಡೋಲಿ. ಅದನ್ನು ಹೊತ್ತವರು ಹೆಂಗಸರು. ಹೆಂಗಸರು ಡೋಲಿಗೆ ಹೆಗಲು ಕೊಟ್ಟದ್ದನ್ನು ಖಾಲ್ನಾದಲ್ಲಿ ಯಾರೂ ಕಂಡಿರಲಿಲ್ಲ. ಮುಂದಿನ ಗಳು ಹಿಡಿದಿದ್ದವಳು ಮೇಲಿನ ಕೇರಿಯ ನಂದಕಲಿ ಕಾಕಿ. ಅವಳ ತಲೆಯ ಬಟ್ಟೆ ಕಳಚಿ ಕತ್ತಿಗೆ ಬಿದ್ದಿತ್ತು, ಮೊಣಕಾಲು ಕೆತ್ತಿಹೋಗಿತ್ತು. ಡೋಲಿಯಲ್ಲಿ ಅವಳ ಸೊಸೆ ಜಲಸರಾ, ತುಂಬು ಬಸುರಿ. ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಅವಳ ಕೆಳಗೆ ಹಾಸಿದ್ದ ಕಂಬಳಿಯಿಂದ ಕಲ್ಲಿನ ಮೇಲೆ ರಕ್ತ ತೊಟ್ಟಿಕ್ಕುತ್ತಿತ್ತು.

"ನೀವು ಹೊರಟ ಮೇಲೆ ನೋವು ಬಂತು," ಎಂದು ನಂದಕಲಿ ಏದುಸಿರಲ್ಲೇ ಹೇಳಿದಳು. "ನೀರು ಹೋಯ್ತು. ರಕ್ತ ನಿಲ್ತಿಲ್ಲ. ಆ ನಾಲ್ಕು ಜನಾನ ಕರೆಯೋಕೆ ಓಡ್ದೆ, ಒಂದು ಬಾಗಿಲೂ ತೆಗೆದಿರ್ಲಿಲ್ಲ. ದಾರಿ ಬಿಡಿ. ಇಲ್ಲಿಂದ ಮುಂದೆ ನಮ್ಮ ಕೈಲಾಗಲ್ಲ, ಗಂಡಸರು ಬನ್ನಿ."

ಚಂಖೆ ಸುರ್ಜೆಯ ಕಡೆ ನೋಡಿದ. ಎಲ್ಲರೂ ಸುರ್ಜೆಯ ಕಡೆ ನೋಡಿದರು. ಹೆಣ ಅವನ ಅಪ್ಪನದು. ಮುಂದೆ ಹೋಗು, ನಿಲ್ಲು ಅನ್ನುವ ಹಕ್ಕು ಅವನದು.

ಧಾಮಿ ಶಂಖವನ್ನು ಎದೆಗೆ ಒತ್ತಿ ಹಿಡಿದು ಬಂದ. "ಬಸುರಿ ಹೆಣದ ಮುಖ ನೋಡಬಾರದು. ಎತ್ತಿದ ಹೆಣ ಸೇತುವೆ ಪಕ್ಕದ ಸುಡೋ ಘಾಟ್ ಮುಟ್ಟೋವರೆಗೂ ಇಳಿಸಬಾರದು. ಹೆಣ ಹೊತ್ತ ಹೆಗಲು ಹೆರಿಗೆ ಹೆಂಗಸನ್ನ ಹೊತ್ರೆ ಎರಡು ಮೈಲಿಗೆ ಸೇರುತ್ತೆ. ಊರಿಗೇ ಕೇಡು. ಹಿಂದೆ ನಿಂತ್ಕೊಂಡು ಬರ್ಲಿ. ಘಾಟ್‌ನಲ್ಲಿ ಸ್ನಾನ ಮಾಡಿ ಆಮೇಲೆ ಹೊರ್ತಾರೆ."

"ಘಾಟ್ ಮುಟ್ಟೋವರೆಗೆ ಇವಳು ಇರ್ತಾಳಾ?" ಎಂದು ಮನ್‌ಸಿಂಗ್ ಕಾಕಾ ಕೇಳಿದ.

ಧಾಮಿ ನದಿಯ ಕಡೆ ಮುಖ ತಿರುಗಿಸಿದ.

ದಾರಿ ಬಿಡಿ ಎಂದು ಹೇಳಬೇಕಾದ ಸುರ್ಜೆಯ ಬಾಯಿಂದ ಬೇರೆ ಮಾತು ಬಂತು. "ಮತ್ತೆ ನಿಮ್ಮ ಮನೇನಾ ಕಾಕಿ? ಊರಲ್ಲಿ ಬೇರೆ ಮನೇನೇ ಇಲ್ವಾ?"

ನಂದಕಲಿಯ ಮುಖ ಬಿಗಿಯಾಯಿತು. ಸುತ್ತಲಿದ್ದ ವಯಸ್ಸಾದವರೆಲ್ಲ ತಲೆ ತಗ್ಗಿಸಿದರು.

* * *

ಸುರ್ಜೆ ಆಗಿನ್ನೂ ಮೀಸೆ ಮೂಡದ ಹುಡುಗ. ಅಕ್ರೋಟು ಉದುರಿಸುವ ಕಾಲ. ನಂದಕಲಿಯ ಗಂಡ ಮರದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಐತೆ ಊರಿನ ಗಟ್ಟಿ ಗಂಡಸರನ್ನೆಲ್ಲ ಕೂಡಿಸಿ ಡೋಲಿ ಹೊತ್ತು ಹೊರಟ. ಮನೆಯಲ್ಲಿ ಹೆಂಡತಿ ಎದೆನೋವಿನ ಜ್ವರದಲ್ಲಿ ಮಲಗಿದ್ದಳು. "ಬೆವರು ಬಂದ್ರೆ ಬಿಡುತ್ತೆ," ಎಂದು ಅವನು ಹೇಳಿಹೋದ.

ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಮ್ಮನ ತುಟಿ ನೀಲಿಯಾಯಿತು. ಸುರ್ಜೆ ಮನೆಮನೆಗೆ ಓಡಿದ. ಹೊರುವವರು ಒಬ್ಬರೂ ಇರಲಿಲ್ಲ. ಕೊನೆಗೆ ಅವನು ಅಮ್ಮನನ್ನು ಸೌದೆ ಬುಟ್ಟಿಯಲ್ಲಿ ಕೂರಿಸಿ, ಬುಟ್ಟಿ ಹೊರುವ ಪಟ್ಟಿಯನ್ನು ಹಣೆಗೆ ಹಾಕಿಕೊಂಡು ಎದ್ದ. ಊರ ಕೆಳಗಿನ ಒರತೆಯವರೆಗೆ ಬಂದ. ಅಲ್ಲಿ ಕಾಲು ಕುಸಿಯಿತು. ಬುಟ್ಟಿ ಇಳಿಸಿ ನೀರು ಕುಡಿಸಲು ಹೋದಾಗ ಅಮ್ಮ ನುಂಗಲಿಲ್ಲ.

ಐತೆ ಮರುದಿನ ಬಂದ. ಒಂದು ಜೀವ ಉಳಿಸಿ ಬಂದ ಹುಮ್ಮಸ್ಸು ಮುಖದಲ್ಲಿ ಹಾಗೇ ಇತ್ತು, ಅಂಗಳಕ್ಕೆ ಕಾಲಿಡುವವರೆಗೂ.

ಅಪ್ಪ ಇನ್ನು ಹೊರುವುದು ಬಿಡುತ್ತಾನೆ ಎಂದುಕೊಂಡ ಸುರ್ಜೆ. ಸೂತಕ ಕಳೆಯುತ್ತಲೇ ಐತೆ ಮತ್ತೆ ಮನೆಮನೆ ಸುತ್ತಿದ. ಡೋಲಿ ಹೊರಟಾಗ ಊರು ಬರಿದಾಗಬಾರದು, ಸರದಿಯ ಮೇಲೆ ನಾಲ್ವರು ಗಟ್ಟಿ ಗಂಡಸರು ಊರಲ್ಲೇ ಉಳಿಯಬೇಕು, ಏನೇ ಆದರೂ ಕದಲಬಾರದು ಎಂದು ಹೊಸ ಕಟ್ಟಲೆ ತಂದ. ಸುರ್ಜೆಗೆ ಅದು ಕಟ್ಟಲೆಯಾಗಿ ಕಾಣಲಿಲ್ಲ. ಅಮ್ಮ ಸತ್ತರೂ ಈ ಮನುಷ್ಯನಿಗೆ ಬುದ್ಧಿ ಬರಲಿಲ್ಲ ಎನಿಸಿತು. ಸುರ್ಜೆಯ ಮದುವೆಯ ದಿನವೂ ಅಪ್ಪ ಊಟದ ನಡುವೆ ಎದ್ದು ಯಾರನ್ನೋ ಹೊರಲು ಹೋಗಿದ್ದ. ಅಪ್ಪ ಸಾಯುವವರೆಗೂ ಆ ಸಿಟ್ಟು ಆರಲಿಲ್ಲ. ಅವನ ಬಾಯಿಗೆ ಕೊನೆಯ ಗುಟುಕು ನೀರು ಬಿಡುವಾಗಲೂ ಒರತೆಯ ನೆನಪು ಬಂದಿತ್ತು.

* * *

"ನಿಮ್ಮಮ್ಮನ ಮೈ ತೊಳೆದವಳು ನಾನು," ಎಂದಳು ನಂದಕಲಿ. ಅವಳ ದನಿ ಏರಲಿಲ್ಲ. "ನನ್ನ ಗಂಡನ್ನ ಹೊತ್ತದ್ದು ತಪ್ಪು ಅಂದ್ರೆ ನನ್ನ ಬೈಯಿ, ಸುರ್ಜೆ. ಈ ಹುಡುಗಿ ಆಗ ಹುಟ್ಟೇ ಇರ್ಲಿಲ್ಲ."

"ನಾನು ಬಾಗಿಲು ಬಾಗಿಲು ತಟ್ಟಿದ್ದೆ ಕಾಕಿ."

"ಗೊತ್ತಪ್ಪ. ನನ್ನ ಬಾಗಿಲನ್ನೂ ತಟ್ಟಿದೆ. ಊರಿನ ಹೆಂಗಸರೆಲ್ಲ ಮನೇಲೇ ಇದ್ವಿ. ಹೊಲ ಉಳೋ ನೇಗಿಲು ಬೆನ್ನ ಮೇಲೆ ಹೊರ್ತೀವಿ, ಸೌದೆ ಹೊರ್ತೀವಿ, ಗೊಬ್ಬರ ಹೊರ್ತೀವಿ. ನಿಮ್ಮಮ್ಮನ್ನ ನಾವೇ ಹೊರಬಹುದು ಅಂತ ಒಬ್ಬಳಿಗೂ ಹೊಳೀಲಿಲ್ಲ ನೋಡು. ಹೊಸ್ತಿಲಲ್ಲಿ ನಿಂತು ಅತ್ವಿ." ಅವಳು ಗಳುವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. "ಇವತ್ತು ಹೊಳೀತು. ಇಷ್ಟು ದೂರ ತಂದಿದೀವಿ. ಇನ್ನು ಮುಂದಿಂದು ನಿನ್ನ ಕೈಲಿದೆ."

ಡೋಲಿಯೊಳಗಿಂದ ಜಲಸರಾ ಮುಲುಗಿದಳು. ಸದ್ದು ತೀರ ಸಣ್ಣದಾಗಿತ್ತು. ಸುರ್ಜೆಗೆ ಬೇರೇನೂ ಕೇಳಿಸಲಿಲ್ಲ. ನಾಲ್ವರು ಉಳಿದಿದ್ದರೆ ಇವಳು ಇಷ್ಟು ಹೊತ್ತಿಗೆ ಸೇತುವೆ ದಾಟಿರುತ್ತಿದ್ದಳು. ಅವರನ್ನು ಕರೆದವನು ತಾನು.

"ಮೇಲೆತ್ತಿ," ಎಂದ.

"ಏನು?"

"ಚಟ್ಟಾನ ತಲೆಗಿಂತ ಮೇಲಕ್ಕೆ ಎತ್ತಿ. ಇಬ್ಬರು ಗೋಡೆಗೆ ಬೆನ್ನು ಕೊಡಿ. ಹೊರಗಡೆ ನಾನು, ಚಂಖೆ ನಿಲ್ತೀವಿ. ಡೋಲಿ ಕೆಳಗಿಂದ ಹೋಗ್ಲಿ."

"ಹೆಣದ ಕೆಳಗೆ ಬಸುರಿ ನುಸುಳೋದೇನೋ!" ಎಂದು ಧಾಮಿ ಚೀರಿದ. "ನಿಮ್ಮಪ್ಪನ ಜೀವ ದಾರಿ ತಪ್ಪುತ್ತೆ!"

"ಈ ದಾರಿ ಅವನಿಗೆ ತಪ್ಪಲ್ಲ, ಧಾಮಿ."

ನಾಲ್ವರೂ ಉಸಿರು ಹಿಡಿದು ಚಟ್ಟವನ್ನು ಎತ್ತಿದರು. ಸುರ್ಜೆಯ ಹಿಮ್ಮಡಿ ಬಂಡೆಯ ಅಂಚಿನಲ್ಲಿತ್ತು. ಅರ್ಧ ಪಾದದ ಕೆಳಗೆ ಗಾಳಿ. ಸಣ್ಣ ಕಲ್ಲೊಂದು ಜಾರಿ ಬಿತ್ತು, ನೀರು ಮುಟ್ಟಿದ ಸದ್ದು ಬರಲೇ ಇಲ್ಲ. ಹೆಂಗಸರು ಒಬ್ಬರ ಹಿಂದೊಬ್ಬರಾಗಿ, ಡೋಲಿಯನ್ನು ಸೊಂಟದ ಮಟ್ಟಕ್ಕೆ ಇಳಿಸಿಕೊಂಡು, ಬಾಗಿ ಒಳಗೆ ಬಂದರು.

"ಕಣ್ಣು ಮುಚ್ಕೋ ಮಗಳೇ," ಎಂದಳು ನಂದಕಲಿ.

ಜಲಸರಾ ಮುಚ್ಚಲಿಲ್ಲ. ತಲೆಯ ಮೇಲಿದ್ದ ಹಳದಿ ಬಟ್ಟೆಯನ್ನು ನೋಡುತ್ತಲೇ ಅದರಡಿಯಲ್ಲಿ ಸಾಗಿದಳು. ಡೋಲಿ ಸುರ್ಜೆಯ ಹೊಟ್ಟೆಗೆ ಉಜ್ಜಿತು. ಅವನು ಒಂದು ಎಳೆ ಹಿಂದಕ್ಕೆ ವಾಲಿದ. ಎದುರಿಗೆ ನಿಂತಿದ್ದವನು ಒಂದು ಕೈ ಬಿಟ್ಟು ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಚಟ್ಟ ಒಮ್ಮೆ ಓಲಾಡಿ ನಿಂತಿತು. ಡೋಲಿ ಆಚೆ ಹೋಯಿತು.

"ಇಳಿಸಿ," ಎಂದ ಸುರ್ಜೆ.

"ನೆಲಕ್ಕಾ?"

"ನೆಲಕ್ಕೇ. ಹೋಗಿ. ಹೆಗಲು ಗಟ್ಟಿ ಇರೋರೆಲ್ಲ ಹೋಗಿ. ಕಾಕಾ, ನೀನೂ."

ಐತೆ ರೋಕಾಯ ಬಂಡೆದಾರಿಯ ಮೇಲೆ ಮಲಗಿದ. ಗಂಡಸರು ಅವನನ್ನು ಬಳಸಿಕೊಂಡು ಮುಂದೆ ನುಗ್ಗಿದರು. ಹೆಂಗಸರ ಕೈಯಿಂದ ಗಳುಗಳು ಅವರ ಹೆಗಲಿಗೆ ಹೋದವು. ಜಲಸರಾಳ ಕೈ ಹಿಡಿದಿರಲು ಒಬ್ಬ ಹೆಂಗಸು ಜೊತೆಗೆ ಓಡಿದಳು. ತಿರುವಿನಲ್ಲಿ ಮರೆಯಾಗುವ ಮುನ್ನ ಚಂಖೆಯ ದನಿ ಕೇಳಿಸಿತು: "ಏ ಜಲಸರಾ, ನಿನ್ನ ಗಂಡ ಇಂಡಿಯಾದಿಂದ ಒಂದು ಸೋಪಾದ್ರೂ ಕಳಿಸ್ದಾನಾ? ಜಿಪುಣ ನನ್ಮಗ! ಮಲಗ್ಬೇಡ, ಮಾತಾಡು!"

ಜಲಸರಾ ಏನೋ ಅಂದಳು. ಬೈಗುಳವೇ ಇರಬೇಕು, ಗಂಡಸರು ಒಟ್ಟಿಗೆ ಹೋ ಎಂದರು. ಆಮೇಲೆ ನದಿಯ ಸದ್ದು ಎಲ್ಲವನ್ನೂ ನುಂಗಿತು.

ಉಳಿದವರು ಸುರ್ಜೆ, ಧಾಮಿ, ಕೋಲೂರುವ ಮುದುಕರು, ಮತ್ತೆ ಹೆಂಗಸರು. ಯಾರಿಗೂ ಯಾರ ಮುಖ ನೋಡುವ ಧೈರ್ಯವಿರಲಿಲ್ಲ. ಸುರ್ಜೆ ಅಪ್ಪನ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಜಾರಿದ್ದ ಬಟ್ಟೆಯನ್ನು ಸರಿಮಾಡಿದ. ಆಗ ಅಳು ಬಂತು. ಬೆಳಗಿನಿಂದ ಬಂದಿರಲಿಲ್ಲ. ಅಮ್ಮ ಸತ್ತಾಗ ಅತ್ತ ಹಾಗೆ, ಮೂಗು ಬಾಯಿ ಒಂದಾಗುವಂತೆ ಅತ್ತ.

ನಂದಕಲಿ ಅವನು ಮುಗಿಸುವವರೆಗೂ ಕಾದಳು. ಆಮೇಲೆ ತಲೆಯ ಬಟ್ಟೆಯನ್ನು ಮಡಿಸಿ ಹೆಗಲ ಮೇಲೆ ಇಟ್ಟುಕೊಂಡಳು. "ಏಳು. ಹೊತ್ತು ಹೋಗ್ತಿದೆ. ನನ್ನ ಕಾಲು ಅವರ ಜೊತೆ ಓಡಲ್ಲ, ಇವನ ಜೊತೆ ನಡೆಯುತ್ತೆ."

"ಹೆಂಗಸರು ಘಾಟ್‌ಗಾ?" ಎಂದ ಧಾಮಿ. ಆದರೆ ಆ ದನಿಯಲ್ಲಿ ಗಟ್ಟಿತನ ಉಳಿದಿರಲಿಲ್ಲ.

"ಹಾಗಾದ್ರೆ ನೀನೊಬ್ಬನೇ ಹೊರು ಧಾಮಿ," ಎಂದಳು ಇನ್ನೊಬ್ಬಳು.

ಧಾಮಿ ಆ ಮುದುಕರನ್ನು ನೋಡಿದ, ಚಟ್ಟವನ್ನು ನೋಡಿದ, ನೆರಳು ಎದುರು ಬೆಟ್ಟ ಏರುತ್ತಿದ್ದುದನ್ನು ನೋಡಿದ. "ದೇವರು ಕೇಳಿದ್ರೆ ನಾನು ಮುಂದೆ ಇದ್ದೆ, ಹಿಂದೆ ಯಾರು ಹೊತ್ರೋ ನೋಡ್ಲಿಲ್ಲ ಅಂತೀನಿ," ಎಂದು ಗೊಣಗಿ ತಿರುಗಿ ನಿಂತ. ಶಂಖ ಬಾಯಿಗಿಟ್ಟು ಊದಿದ.

ಡೋಲಿಯ ಗಳು ಒತ್ತಿ ಕೆಂಪಾಗಿದ್ದ ಹೆಗಲುಗಳ ಮೇಲೆ ಹೆಂಗಸರು ಚಟ್ಟವನ್ನು ಎತ್ತಿಕೊಂಡರು.

* * *

ಘಾಟ್‌ನಲ್ಲಿ ಸೌದೆ ಒಟ್ಟಿ ಐತೆಯನ್ನು ಮೇಲೆ ಮಲಗಿಸುವಷ್ಟರಲ್ಲಿ ಬಿಸಿಲು ಬೆಟ್ಟದ ನೆತ್ತಿಯಲ್ಲಿ ಮಾತ್ರ ಉಳಿದಿತ್ತು. ಧಾಮಿ ಉರಿಯುವ ಕೊಳ್ಳಿಯನ್ನು ಸುರ್ಜೆಯ ಕೈಗೆ ಕೊಟ್ಟ. ಸುರ್ಜೆ ಅದನ್ನು ಹಿಡಿದು ಚಿತೆಯ ಸುತ್ತ ಬಂದು ನಿಂತ. ಆದರೆ ಬಗ್ಗಲಿಲ್ಲ. ಅವನ ಕಣ್ಣು ನದಿಯ ಆಚೆ ಇತ್ತು.

ಅಲ್ಲಿ, ಸೇತುವೆ ದಾಟಿದ ದಾರಿ ಎದುರು ಬೆಟ್ಟವನ್ನು ಹಾವಿನಂತೆ ಸುತ್ತಿಕೊಂಡು ಆರೋಗ್ಯ ಕೇಂದ್ರದ ನೀಲಿ ತಗಡಿನವರೆಗೆ ಏರುತ್ತಿತ್ತು. ಆ ದಾರಿಯ ಮೇಲೆ ಒಂದು ಸಣ್ಣ ಗುಂಪು ಚಲಿಸುತ್ತಿತ್ತು.

ನಂದಕಲಿ ಅವನ ಮಗ್ಗುಲಿಗೆ ಬಂದಳು. ಅಂಗೈಯನ್ನು ಹುಬ್ಬಿಗೆ ಅಡ್ಡ ಹಿಡಿದಿದ್ದಳು. "ನನ್ನ ಕಣ್ಣಿಗೆ ದೂರದ್ದು ಮಂಜು ಮಂಜು. ನೋಡಪ್ಪ ಸುರ್ಜೆ. ಓಡ್ತಿದಾರಾ, ನಡೀತಿದಾರಾ?"

ಅವಳು ಕೇಳುತ್ತಿದ್ದುದು ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಡೋಲಿಯಲ್ಲಿ ಜೀವ ಹೋಗಿದ್ದರೆ ಅವರು ಓಡಬೇಕಾಗಿಲ್ಲ.

ಗುಂಪು ಒಂದು ದೊಡ್ಡ ಬಂಡೆಯ ಹಿಂದೆ ಮರೆಯಾಯಿತು.

"ಹೊತ್ತು ಮುಳುಗ್ತಿದೆ. ಬಾಯಿಗೆ ಬೆಂಕಿ ಇಡು," ಎಂದ ಧಾಮಿ.

"ತಡಿ."

"ಸುರ್ಜೆ, ಕೊಳ್ಳಿ ಉರಿದು ಕೈಗೆ ಬಂತು."

"ತಡಿ ಅಂದ್ನಲ್ಲ."

ಬಂಡೆಯ ಆಚೆಯ ದಾರಿ ಬರಿದಾಗಿ ಬಿದ್ದಿತ್ತು. ನಂದಕಲಿಯ ಬೆರಳುಗಳು ಅವನ ತೋಳನ್ನು ಹಿಡಿದು ಬಿಗಿಯುತ್ತಿದ್ದವು. ಕೊಳ್ಳಿಯ ಶಾಖಕ್ಕೆ ಸುರ್ಜೆಯ ಕಣ್ಣಲ್ಲಿ ನೀರು ತುಂಬಿತು; ಅವನು ರೆಪ್ಪೆ ಬಡಿಯಲಿಲ್ಲ.

ಬಂಡೆಯ ಅಂಚಿನಿಂದ ಮೊದಲು ಗಳುಗಳ ತುದಿ ಕಂಡಿತು, ಆಮೇಲೆ ತಲೆಗಳು. ಒಬ್ಬ ಕಾಲು ಜಾರಿ ಬಿದ್ದ. ಡೋಲಿ ನಿಲ್ಲಲಿಲ್ಲ, ಪಕ್ಕದಲ್ಲಿದ್ದವನು ಓಟದಲ್ಲೇ ಹೆಗಲು ಕೊಟ್ಟ, ಬಿದ್ದವನು ಎದ್ದು ಹಿಂದಿನಿಂದ ಓಡಿ ಸೇರಿಕೊಂಡ.

"ಓಡ್ತಿದಾರೆ ಕಾಕಿ," ಎಂದ ಸುರ್ಜೆ. "ಇನ್ನೂ ಓಡ್ತಾನೇ ಇದಾರೆ."

ಆಮೇಲೆ ಅವನು ಬಗ್ಗಿ ಅಪ್ಪನ ಬಾಯಿಗೆ ಬೆಂಕಿ ಮುಟ್ಟಿಸಿದ.